ಮೋಯೋ ಓಡಿದಳು, ಮತ್ತೆ ಓಡಿದಳು

ಆಫ್ರಿಕಾದ ಒಂದು ಹುಲ್ಲುಗಾಡಿನಲ್ಲಿ, ಕೆರೆಯ ಪಕ್ಕದ ಮುಳ್ಳುಮರದ ಕೆಳಗೆ, ಮೋಯೋ ಎಂಬ ಸಿವಂಗಿ ಮರಿ ಅಮ್ಮನ ಜೊತೆ ಇದ್ದಳು. ಸಿವಂಗಿ ಅಂದರೆ ಚೀತಾ, ಮಕ್ಕಳೇ. ಅದಕ್ಕಿಂತ ಜೋರಾಗಿ ಓಡುವ ಪ್ರಾಣಿ ನೆಲದ ಮೇಲೆ ಇನ್ನೊಂದಿಲ್ಲ. ಆದರೆ ಸ್ವಲ್ಪ ದೂರ ಮಾತ್ರ! ಒಮ್ಮೆ ಓಡಿದರೆ ಸಾಕು, ಮೈಯೆಲ್ಲ ಕಾದು ಏದುಸಿರು ಬಂದು ನೆರಳಿನಲ್ಲಿ ಬಿದ್ದುಕೊಳ್ಳಬೇಕು.

ಮೋಯೋ ಮೊದಲ ಪಂದ್ಯದಲ್ಲಿ ಮೊಲಗಳನ್ನು ಸೋಲಿಸಿದಳು. ಮುಂದಿನ ಪಂದ್ಯದಲ್ಲಿ ಜಿಂಕೆಗಳನ್ನೂ ಹಿಂದೆ ಹಾಕಿದಳು. "ಭಲೇ ಮೋಯೋ!" ಎಂದು ಎಲ್ಲರೂ ಹೊಗಳಿ ಅಟ್ಟಕ್ಕೇರಿಸಿದರು. ಅಲ್ಲಿಂದ ಶುರುವಾಯಿತು ನೋಡಿ ರೋಗ. ಯಾರಾದರೂ "ಒಂದು ಸಲ ಓಡಿ ತೋರಿಸೇ" ಅಂದರೆ ಸಾಕು, ಬಾಲ ಎತ್ತಿಕೊಂಡು ಹೊರಟೇಬಿಡುತ್ತಿದ್ದಳು.

ಆ ವರ್ಷ ನದಿಯಾಚೆ ಎಲ್ಲ ಕಾಡುಗಳ ಓಟಗಾರರು ಸೇರುವ ದೊಡ್ಡ ಪಂದ್ಯವಿತ್ತು. ಒಂದು ಕಾಡಿನಿಂದ ಒಬ್ಬರಿಗೇ ಜಾಗ. ಯಾರು ಹೋಗಬೇಕೆಂದು ಕಾಡಿಗೆಲ್ಲ ಹಿರಿಯಳಾದ ಆನೆಯಜ್ಜಿ ಒಂದು ದಿನ ಸಂಜೆ ಎಲ್ಲರನ್ನೂ ಓಡಿಸಿ ಆರಿಸುವವಳಿದ್ದಳು. ಮೋಯೋಗೆ ನದಿಯಾಚೆ ಓಡಬೇಕೆಂಬ ಆಸೆ ಎಷ್ಟಿತ್ತೆಂದರೆ, ನಿದ್ದೆಯಲ್ಲೂ ಕಾಲು ಆಡಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಅಮ್ಮ ಬೇಟೆಗೆ ಹೊರಡುವಾಗ ಹೇಳಿದಳು: "ಸಂಜೆವರೆಗೂ ಮರದ ಕೆಳಗಿಂದ ಏಳಬೇಡ ಕಣೇ. ಯಾರು ಕರೆದರೂ ಅಷ್ಟೇ."

"ಅಷ್ಟೂ ಗೊತ್ತಾಗಲ್ವಾ ನನಗೆ? ನೀನು ಹೋಗಮ್ಮ!"

ಅಮ್ಮ ಹೋದದ್ದೇ ತಡ, ಪಕ್ಕದ ಬಯಲಿನ ಉಷ್ಟ್ರಪಕ್ಷಿ ಬುನಿ ಮಾಮ ಬಂದ. ಸಂಜೆಯ ಓಟಕ್ಕೆ ಅವನೂ ಹೆಸರು ಕೊಟ್ಟಿದ್ದ. ಬೆನ್ನ ಹಿಂದೆ ಅವನ ಮರಿಗಳ ದಂಡು.

"ಮೋಯೋ ಪುಟ್ಟಿ, ನಮ್ಮ ಚಿಕ್ಕವನು ನಿನ್ನ ಓಟ ನೋಡೇ ಇಲ್ಲವಂತೆ. ಬೆಳಗಿಂದ ಒಂದೇ ಅಳು!"

"ಸಂಜೆ ನೋಡ್ಲಿ ಮಾಮ."

"ಸಂಜೆ ಜನ ಜಾಸ್ತಿ. ಆನೆಗಳ ಕಾಲ ಸಂದಿಯಲ್ಲಿ ಇವನಿಗೆ ಏನು ಕಾಣುತ್ತೆ ಹೇಳು?"

ಪಾಪ ಅನ್ನಿಸಿತು ಮೋಯೋಗೆ. ಓಡಿದಳು. ಮರಿಗಳೆಲ್ಲ ರೆಕ್ಕೆ ಬಡಿದು ಕುಣಿದವು.

"ಅಯ್ಯೋ, ನೀನು ಓಡುವಾಗಲೇ ಇವನು ಕಣ್ಣು ಮಿಟುಕಿಸಿಬಿಟ್ಟನಂತೆ," ಅಂದ ಬುನಿ ಮಾಮ.

ಮತ್ತೆ ಓಡಿದಳು. ಅಷ್ಟರಲ್ಲಿ ಜೀಬ್ರಾಗಳು ಬಂದವು, "ನಮಗೂ ತೋರಿಸು" ಅಂದವು. ಕೋತಿಗಳು ಬಂದವು. ಬಂದವರಿಗೆಲ್ಲ ಮೋಯೋ ಓಡಿ ತೋರಿಸಿದಳು. ಚಪ್ಪಾಳೆ ಜೋರಾದಷ್ಟೂ ನಾಲಿಗೆ ಹೊರಗೆ ಜೋತಿತು. ಬುನಿ ಮಾಮ ಮಾತ್ರ ನೆರಳಿನಲ್ಲಿ ಕಾಲು ಮಡಿಚಿ ಕೂತು "ವಾಹ್! ವಾಹ್!" ಅನ್ನುತ್ತಿದ್ದ.

ಸಂಜೆಯಾಯಿತು. ಆನೆಯಜ್ಜಿ ಸೊಂಡಿಲೆತ್ತಿ ಘೀಳಿಟ್ಟಳು. ಮೋಯೋ ಹಾರಿ ಹೊರಟಳು. ಆದರೆ ಕಾಲು ಕಲ್ಲಾಗಿತ್ತು, ಎದೆ ಉರಿಯುತ್ತಿತ್ತು. ಬುನಿ ಮಾಮ ದಡದಡನೆ ಪಕ್ಕಕ್ಕೆ ಬಂದ, ಮುಂದೆ ಹೋದ, ಗೆರೆ ದಾಟಿಯೂ ಬಿಟ್ಟ. ಮೋಯೋ ಅರ್ಧ ದಾರಿಯಲ್ಲೇ ದೊಪ್ಪನೆ ಕೂತಳು.

"ಬುನಿ ನದಿಯಾಚೆ ಹೋಗಲಿ," ಎಂದಳು ಆನೆಯಜ್ಜಿ.

ಮೋಯೋ ಬಿಕ್ಕಿ ಬಿಕ್ಕಿ ಅತ್ತಳು. "ಮೋಸ ಅಜ್ಜಿ! ಬೆಳಗಿಂದ ಇವನೇ ನನ್ನನ್ನ ಓಡಿಸಿದ್ದು!"

"ಕೇಳಿದ್ದು ನಾನೇ, ಇಲ್ಲ ಅನ್ನಲ್ಲ," ಅಂದ ಬುನಿ ಮಾಮ. "ಓಡಿದ ಕಾಲು ಯಾರದು ಪುಟ್ಟಿ?"

ಮೋಯೋ ತನ್ನ ಕಾಲನ್ನೇ ನೋಡಿಕೊಂಡಳು.

ಆಗ ಉಷ್ಟ್ರಪಕ್ಷಿಯ ಚಿಕ್ಕ ಮರಿ ಮುಂದೆ ಬಂದು ಹೇಳಿತು, "ಅಜ್ಜಿ, ನಾನು ಬೆಳಿಗ್ಗೆ ನೋಡಿದೆ. ಮೋಯೋ ಅಕ್ಕ ನಮ್ಮ ಅಪ್ಪನಿಗಿಂತ ತುಂಬಾ ಜೋರು!"

ಆನೆಯಜ್ಜಿ ಮೋಯೋಳ ತಲೆ ಸವರಿದಳು.

"ಇರಬಹುದು ಮಗೂ. ಆದರೆ ನಾನು ಬಂದದ್ದು ಸಂಜೆಗೆ."

ನೀತಿ: ಚಪ್ಪಾಳೆಗೆಲ್ಲ ಶಕ್ತಿ ಚೆಲ್ಲಿದವರಿಗೆ ಬೇಕಾದ ಹೊತ್ತಿಗೆ ಶಕ್ತಿ ಉಳಿಯುವುದಿಲ್ಲ.