ಮೊಲದ ಮೈಯ ನಡೆಯುವ ಹೊಟ್ಟು

ಭೂಮಿಗೆ ಆಗಿನ್ನೂ ಹಸಿಮಣ್ಣಿನ ವಾಸನೆ ಹೋಗಿರಲಿಲ್ಲ. ಯಾವ ಮಗ್ಗುಲಿಗೆ ಮಲಗಬೇಕು ಎಂದು ಗುಡ್ಡಗಳು ಇನ್ನೂ ಹೊರಳಾಡುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಮೊಲವೂ ಮಾತಾಡುತ್ತಿತ್ತು. ಮೊಲ ಮರಿಗಳಿಗೆ ಜೋಗುಳ ಹಾಡಿದರೆ ಹುಲ್ಲು ಮೇಯುತ್ತಿದ್ದ ಜಿಂಕೆಗಳು ತಲೆ ಎತ್ತಿ ಕೇಳುತ್ತಿದ್ದವು. ಅಷ್ಟು ಚಂದದ ದನಿ ಅದರದು.

ಎಲ್ಲ ಜೀವಿಗಳಿಗೂ ಮನೆ ಹಂಚಿಯಾಗಿತ್ತು. ಮೀನಿಗೆ ನೀರು, ಹಕ್ಕಿಗೆ ಕೊಂಬೆ, ಹಾವಿಗೆ ಹುತ್ತ. ನುಸಿಗೆ ಮಾತ್ರ ಏನೂ ಸಿಕ್ಕಿರಲಿಲ್ಲ. ನುಸಿ ಅಂದರೆ ಬಿಳಿ ಹುಳ, ಅಕ್ಕಿ ಹಿಟ್ಟಿನ ಕಣದಷ್ಟು ಸಣ್ಣದು. ಮನೆ ಹಂಚುವಾಗ ಅದೂ ಅಲ್ಲೇ ನಿಂತಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ.

ಮಾಗಿ ಬಂತು. ಒಣ ಗಾಳಿ ಬೀಸತೊಡಗಿತು. ನುಸಿ ಎಮ್ಮೆಯ ಹತ್ತಿರ ಹೋಗಿ ಜಾಗ ಕೇಳಿತು. "ನಾನು ಕೆಸರಲ್ಲಿ ಹೊರಳುತ್ತೇನೆ, ಸತ್ತು ಹೋಗುತ್ತೀಯ" ಎಂದಿತು ಎಮ್ಮೆ. ಗಿಳಿಯ ಹತ್ತಿರ ಹೋಯಿತು. "ನನ್ನ ಕೊಕ್ಕು ನನ್ನ ಮಾತೇ ಕೇಳುವುದಿಲ್ಲ, ನಿನ್ನನ್ನು ಹೆಕ್ಕಿ ತಿಂದುಬಿಡುತ್ತದೆ" ಎಂದಿತು ಗಿಳಿ.

ಕೊನೆಗೆ ನುಸಿ ಮೊಲದ ಬಿಲಕ್ಕೆ ಬಂತು. ತಾಯಿ ಮೊಲಕ್ಕೆ ಆಗಷ್ಟೇ ನಾಲ್ಕು ಮರಿಗಳಾಗಿದ್ದವು. ಕಣ್ಣು ಬಿಟ್ಟಿರದ, ಕೂದಲು ಬಂದಿರದ ಮರಿಗಳು.

"ಅಕ್ಕಾ, ಚಳಿ ತಡೆಯಲಾರೆ" ಎಂದಿತು ನುಸಿ. "ನಿನ್ನ ಕೂದಲೊಳಗೆ ಒಂದಿಷ್ಟು ಜಾಗ ಕೊಡು."

ತಾಯಿ ಮೊಲ ತನ್ನ ಮರಿಗಳ ಬರಿಮೈ ನೋಡಿತು. ನುಸಿಯ ಬರಿಮೈ ನೋಡಿತು. "ಬಾ. ಹೆಗಲ ಹಿಂದೆ ಕೂತುಕೋ. ಅಲ್ಲಿಗೆ ನನ್ನ ನಾಲಿಗೆ ಎಟುಕುವುದಿಲ್ಲ."

"ಎಷ್ಟು ದಿನ ಇರಲಿ?"

"ನಾನು ಹೋಗು ಅನ್ನುವವರೆಗೆ ಇರು."

ಆ ಕಾಲದಲ್ಲಿ ಮಾತಿಗೆ ಒಂದು ಕಟ್ಟುಪಾಡು ಇತ್ತು. ಕೊಟ್ಟ ಮಾತನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಬೇರೆ ಯಾರಿಂದಲೂ ಅದು ಆಗುತ್ತಿರಲಿಲ್ಲ.

ನುಸಿ ಬೆಚ್ಚಗೆ ಕೂತಿತು. ಮೊಟ್ಟೆ ಇಟ್ಟಿತು. ಮೊಟ್ಟೆಯೊಡೆದು ಬಂದ ನುಸಿಗಳೂ ಮೊಟ್ಟೆ ಇಟ್ಟವು. ಅವು ತಿನ್ನಬೇಕಲ್ಲ, ಮೊಲದ ತೊಗಲನ್ನೇ ತಿಂದವು. ತೊಗಲು ಒಣಗಿತು, ಬಿರಿಯಿತು, ಬಿಳಿ ಹೊಟ್ಟಾಗಿ ಉದುರತೊಡಗಿತು. ತಾಯಿ ಮೊಲ ಹಿಂಗಾಲಿನಿಂದ ಕೆರೆದುಕೊಂಡಿತು. ಕೆರೆದಷ್ಟೂ ಕೂದಲು ಕಿತ್ತು ಬಂತು.

ಹೋಗಿ ಎಂದು ಹೇಳಿಬಿಡೋಣ ಅನ್ನಿಸುತ್ತಿತ್ತು ಅದಕ್ಕೆ. ಬಿಲದ ಬಾಯಲ್ಲಿ ಗಾಳಿಯ ಸದ್ದು ಕೇಳುತ್ತಿತ್ತು. ಗಾಳಿ ನಿಲ್ಲಲಿ, ಆಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಿತ್ತು. ಗಾಳಿ ನಿಲ್ಲಲಿಲ್ಲ.

ಉದುರಿದ ಹೊಟ್ಟು ಕಪ್ಪು ನೆಲದ ಮೇಲೆ ಬಿಳಿಯಾಗಿ ಎದ್ದು ಕಾಣುತ್ತಿತ್ತು. ಮೇಯುವ ಜಾಗದಿಂದ ಬಿಲದ ಬಾಯಿಯವರೆಗೂ ಬಿದ್ದಿತ್ತು. ನರಿ ಅದನ್ನು ನೋಡಿತು.

ಒಂದು ಸಂಜೆ ತಾಯಿ ಮೊಲಕ್ಕೆ ನರಿಯ ವಾಸನೆ ಬಂತು. ಮರಿಗಳನ್ನು ಬೇರೆ ಬಿಲಕ್ಕೆ ಸಾಗಿಸಬೇಕೆಂದು ಒಂದನ್ನು ಬಾಯಲ್ಲಿ ಎತ್ತಿಕೊಂಡು ಹೊರಟಿತು. ಹುಲ್ಲಿನ ನಡುವೆ ಬರುವಷ್ಟರಲ್ಲಿ ಹಿಂದೆ ಮಣ್ಣು ಕೆದರುವ ಸದ್ದಾಯಿತು. ನರಿ ಬಿಲದ ಬಾಯಲ್ಲಿತ್ತು.

ಮೂರು ಮರಿಗಳು ಅವ್ವಾ, ಅವ್ವಾ ಎಂದು ಕರೆದವು.

ತಾಯಿ ಮೊಲಕ್ಕೆ ಹೊಟ್ಟೆಯೊಳಗಿಂದ ಕೂಗು ಎದ್ದು ಗಂಟಲಿಗೆ ಬಂತು. ಕೂಗಿದರೆ ನರಿ ಇತ್ತ ತಿರುಗುತ್ತದೆ. ಈ ಮರಿಯೂ ಹೋಗುತ್ತದೆ. ಮರಿಯನ್ನು ಹೊಟ್ಟೆಯಡಿ ಹಾಕಿಕೊಂಡು ನೆಲಕ್ಕೆ ಅಂಟಿ ಮಲಗಿತು. ಒಂದು ಮರಿ ಕರೆಯುವುದು ನಿಂತಿತು. ಇನ್ನೊಂದೂ ನಿಂತಿತು. ಮೂರನೆಯದು ಸ್ವಲ್ಪ ಹೊತ್ತು ಕರೆಯಿತು.

ನರಿ ಹೋದ ಮೇಲೆ ತಾಯಿ ಮೊಲ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಕೂಗು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮಾತುಗಳೆಲ್ಲ ಅದರ ಕೆಳಗೆ ಉಳಿದುಬಿಟ್ಟಿದ್ದವು.

ಅದು ಗಾಳಿಯ ಕಡೆ ನೋಡಿತು. "ನನ್ನನ್ನು ಯಾಕೆ ಹಾಗೆ ನೋಡುತ್ತೀಯ?" ಎಂದಿತು ಗಾಳಿ. "ಆ ಹೊಟ್ಟನ್ನು ಗುಡಿಸಿಹಾಕಬಹುದಿತ್ತು, ನಿಜ. ನನಗೆ ಒಣಗಿಸುವುದು ಗೊತ್ತು. ಉಳಿದದ್ದರ ಕಡೆ ನನ್ನ ಗಮನ ಇರುವುದಿಲ್ಲ."

ನುಸಿ ಉಳಿದ ಮರಿಯ ಎಳೆಗೂದಲಿಗೂ ಹತ್ತಿತು. ಮರಿ ದಿನವಿಡೀ ಮೈ ಕೊಡವಿ ಸೋತುಹೋಯಿತು. ತಾಯಿ ಮೊಲ ಅದನ್ನು ಕಚ್ಚಿಕೊಂಡು ಹೊಳೆಯ ದಂಡೆಗೆ ಬಂತು.

"ಅಯ್ಯೋ ತಾಯಿ, ಇದೇನು ಅವಸ್ಥೆ" ಎಂದಿತು ಹೊಳೆ. "ಇಳಿ, ನಾನು ತೊಳೆದು ಕೊಡುತ್ತೇನೆ."

ಹೊಳೆ ಪ್ರೀತಿಯಿಂದಲೇ ತೊಳೆಯಿತು. ಹೊಟ್ಟು ಹೋಯಿತು. ನುಸಿಗಳು ಕೂದಲ ಬುಡ ಬಿಗಿಯಾಗಿ ಹಿಡಿದು ಕೂತಿದ್ದವು, ಅವು ಹೋಗಲಿಲ್ಲ. ತೊಯ್ದ ಮರಿ ದಂಡೆಯ ಮೇಲೆ ಗಡಗಡ ನಡುಗಿತು. ಬಿಸಿಲೇರುವ ಹೊತ್ತಿಗೆ ನಡುಗುವುದೂ ನಿಂತಿತು.

"ನನಗೆ ತೊಳೆಯುವುದು ಗೊತ್ತು" ಎಂದಿತು ಹೊಳೆ. "ಬೆಚ್ಚಗಿಡುವುದು ನನಗೆ ಗೊತ್ತಿಲ್ಲ."

ತಾಯಿ ಮೊಲ ಸತ್ತ ಮರಿಯ ಪಕ್ಕದಲ್ಲಿ ಒದ್ದೆಯಾಗಿ ಬಿದ್ದಿತ್ತು. ನೀರಿಗೆ ಬಂದ ಬೀರವ್ವ ಅದನ್ನು ನೋಡಿದಳು. ಬೀರವ್ವ, ಅವಳ ಗಂಡ ಮಾಳಪ್ಪ ಕುರಿ ಕಾಯುವವರು. ಮರಿಯನ್ನು ಮಣ್ಣು ಮಾಡಿ, ತಾಯಿ ಮೊಲವನ್ನು ಕರಿ ಕಂಬಳಿಯಲ್ಲಿ ಸುತ್ತಿಕೊಂಡು ಅವಳು ಹಟ್ಟಿಗೆ ಬಂದಳು.

"ಅದು ಸಾಯಾಕ ಬಂದೈತಿ" ಎಂದ ಮಾಳಪ್ಪ. "ಒಲಿಗೆ ಹಾಕು, ಒಂದ್ ಹೊತ್ತಿನ ಸಾರಿಗಾಗ್ತೈತಿ."

"ನನ್ನ ಕೈಯಾಗ ನಡಗಾಕತ್ತೈತಿ. ಹೆಂಗ ಕೊಯ್ಲಿ?"

"ಅದರ ತೊಗಲು ನೋಡು. ನಾಳೆ ನಮ್ಮ ಕುರಿಗೆ ಹತ್ತಿದರ ಏನ್ ಮಾಡ್ತಿ?"

ಅವನು ಹೇಳಿದ್ದು ತಪ್ಪಲ್ಲ ಎಂದು ಬೀರವ್ವನಿಗೂ ಗೊತ್ತಿತ್ತು. "ನಾ ಇದನ್ನ ಬ್ಯಾರೆ ಇಟ್ಟುಕೋತೀನಿ. ಇದು ನೆಟ್ಟಗಾಗೋತನಕ ಹಟ್ಟಿ ಕಡೆ ಬರಂಗಿಲ್ಲ" ಎಂದು ಎದ್ದು ಹೋದಳು. ಬಂಡೆಯ ಮರೆಯಲ್ಲಿ ಒಣಹುಲ್ಲು ಹಾಸಿ ಅಲ್ಲೇ ಉಳಿದಳು.

ಮೊಲದ ಮೈ ಒಣಗಿದ ಮೇಲೆ ಕಂಬಳಿ ಕೊಡವಲು ಹೋದವಳು ಕೈ ತಡೆದಳು. ಕರಿ ಕಂಬಳಿಯ ಮೇಲೆ ಬಿದ್ದಿದ್ದ ಬಿಳಿ ಹೊಟ್ಟು ಮೆಲ್ಲಗೆ ಸರಿಯುತ್ತಿತ್ತು. "ಹೊಟ್ಟು ನಡೀತೈತಲ್ಲ" ಎಂದಳು.

"ನಾವು ಹೊಟ್ಟಲ್ಲ" ಎಂದವು ನುಸಿಗಳು. "ನಾವು ಕದ್ದು ಸೇರಿದವರೂ ಅಲ್ಲ. ಈ ತಾಯಿಯೇ ಬಾ ಎಂದಳು. ಹೋಗು ಎಂದರೆ ಈಗಲೇ ಹೋಗುತ್ತೇವೆ. ಅವಳ ಬಾಯಿಂದಲೇ ಬರಬೇಕು."

ಬೀರವ್ವ ಮೊಲದ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಅನ್ನು ನನ್ನವ್ವ. ಒಂದೇ ಮಾತು. ಹೋಗು ಅನ್ನು."

ತಾಯಿ ಮೊಲ ಹೇಳಲು ನೋಡಿತು. ಮಾತು ಗಂಟಲು ದಾಟಲಿಲ್ಲ. ಮೂಗು ಮಾತ್ರ ಅಲುಗಿತು. ಮತ್ತೆ ನೋಡಿತು. ಮತ್ತೆ ಮೂಗು ಅಲುಗಿತು. ನುಸಿಗಳು ಕಾದವು, ಏನೂ ಕೇಳಿಸದೆ ಕೂದಲೊಳಕ್ಕೆ ಹಿಂತಿರುಗಿದವು.

ಬೀರವ್ವ ಉಣ್ಣೆ ಬಿಡಿಸುವ ಹಣಿಗೆ ತಂದಳು. ನೀರು ಮುಟ್ಟಿಸಲಿಲ್ಲ. ಹೆಗಲ ಹಿಂದಿನ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಬಾಚಿದಳು. ಬಾಚಿ ಬಂದದ್ದನ್ನು ಬೆಂಕಿಗೆ ಹಾಕಿದಳು. ಹಾಸಿದ ಹುಲ್ಲನ್ನು ಸುಟ್ಟು ಹೊಸ ಹುಲ್ಲು ಹಾಸಿದಳು. ಮರುದಿನ ಮತ್ತೆ ಬಾಚಿದಳು, ಮತ್ತೆ ಸುಟ್ಟಳು, ಮತ್ತೆ ಹಾಸಿದಳು. ಅವಳ ಮೊಣಕೈವರೆಗೂ ಕೆಂಪು ಗುಳ್ಳೆ ಎದ್ದವು. ಮಾಳಪ್ಪ ದಿನವೂ ಒಂದು ಹೊರೆ ಹುಲ್ಲು ತಂದು ದೂರದಲ್ಲಿ ಇಟ್ಟು ಹೋಗುತ್ತಿದ್ದ.

ಮಾಗಿ ಕಳೆಯುವ ಹೊತ್ತಿಗೆ ತೊಗಲು ಮೆತ್ತಗಾಯಿತು. ಹೆಗಲ ಮೇಲೆ ಕೂದಲು ಬಂತು. ಮೊಲ ಬೀರವ್ವನ ಹತ್ತಿರವೇ ಉಳಿಯಿತು. ಹುಲ್ಲುಗಾವಲಿನ ಗಂಡು ಮೊಲವೊಂದು ಬಂದು ಹೋಗಿ, ಹೊಸ ಮರಿಗಳೂ ಆದವು. ಆ ಮರಿಗಳಿಗೆ ಹುಟ್ಟಿನಿಂದಲೇ ಮಾತಿರಲಿಲ್ಲ. ಜೋಗುಳ ಕೇಳಲು ನಿಲ್ಲುತ್ತಿದ್ದ ಜಿಂಕೆಗಳು ಸ್ವಲ್ಪ ಕಾಲ ಬಂದು ನೋಡಿ, ಬರುವುದನ್ನು ಬಿಟ್ಟವು.

ಮುಂದಿನ ಮಾಗಿಯಲ್ಲಿ ಒಣ ಗಾಳಿ ಬೀಸಿತು. ಎಲ್ಲೋ ಕೂದಲ ಬುಡದಲ್ಲಿ ಉಳಿದಿದ್ದ ಮೊಟ್ಟೆ ಒಡೆಯಿತು. ಬೀರವ್ವ ತಾಯಿಯ ಹೆಗಲು ನೋಡಿದಳು, ಮರಿಗಳ ಹೆಗಲು ನೋಡಿದಳು, ಹಣಿಗೆ ತರಲು ಎದ್ದಳು.

ಅದಕ್ಕೇ ಕೂಸೇ, ನಿನ್ನ ಗೂಡಿನ ಮೊಲದ ಬೆನ್ನ ಮೇಲೆ ಬಿಳಿ ಹೊಟ್ಟು ಕಂಡರೆ ಬರೀ ಚಳಿಗೆ ಅಂದುಕೊಂಡು ಬಿಡಬೇಡ, ನೀರು ಹೊಯ್ಯಲೂ ಬೇಡ. ಕೂದಲು ಸರಿಸಿ, ಕಣ್ಣಿಟ್ಟು ನೋಡು, ಯಾಕೆಂದರೆ ಮೊಲ ತನ್ನ ನೋವನ್ನು ಯಾರಿಗೂ ಹೇಳಲಾರದು, ಹೇಳಬೇಕಾದ ಆ ಒಂದೇ ಮಾತಿಗಾಗಿ ಅದರ ಮೂಗು ಇವತ್ತಿಗೂ ಅಲುಗುತ್ತಲೇ ಇದೆ.