ಹಗ್ಗ ಕಟ್ಟಿದ ಅಂಬಿಗ

"ಗುರುಗಳೇ, ಒಂದು ಸಂಸ್ಥೆ ಹೊಸದಕ್ಕೆ ಸಿದ್ಧವಾಗಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ?"

ಕೇಳಿದವನು ಮೃಡಯ್ಯ. ಮಠದ ನೇಯ್ಗೆಮನೆ ಅವನ ಉಸ್ತುವಾರಿಯಲ್ಲಿತ್ತು. ಅಲ್ಲಿಗೆ ಹೊಸ ಬಗೆಯ ಮಗ್ಗಗಳನ್ನು ತರಿಸಬೇಕೆಂಬುದು ಅವನ ಆಸೆ. "ಕೆಲಸದವರನ್ನೆಲ್ಲ ಕೂರಿಸಿ ಕೇಳಿದೆ. ಎಲ್ಲರೂ ಸಿದ್ಧ ಎಂದರು. ಆದರೂ ನನಗೆ ನಂಬಿಕೆ ಬರುತ್ತಿಲ್ಲ" ಎಂದ.

ಗುರುಗಳ ಹುಬ್ಬು ಗಂಟಿಕ್ಕಿತು. "ಸಿದ್ಧ ಎನ್ನುವುದಕ್ಕೆ ನಾಲಿಗೆಯೊಂದಿದ್ದರೆ ಸಾಕು. ಕೇಳು" ಎಂದು ಹೇಳತೊಡಗಿದರು.

ಒಂದು ದೊಡ್ಡ ಹೊಳೆ. ಅದರ ದಡದಲ್ಲಿ ಅಂಬಿಗರ ಕೂಟವೊಂದಿತ್ತು. ಯಾರು ಯಾವ ಕಡವಿನಲ್ಲಿ ದೋಣಿ ಹಾಕಿ ಜನರನ್ನು ದಾಟಿಸಬೇಕೆಂಬುದನ್ನು ಕೂಟದ ಯಜಮಾನ ಗೊತ್ತುಮಾಡುತ್ತಿದ್ದ. ಮಳೆಗಾಲದಲ್ಲಿ ಸೆಳವು ಹೆಚ್ಚಿದಾಗ ದೋಣಿಗಳು ಹಿಡಿತ ತಪ್ಪಿ ಕೆಳಗಿನ ಬಂಡೆಗಳಿಗೆ ಬಡಿಯುತ್ತಿದ್ದವು. ಜನ ಸಾಯುತ್ತಿದ್ದರು. ಕೂಟದವರು ಗಂಗಮ್ಮನಿಗೆ ಪೂಜೆ ಸಲ್ಲಿಸುತ್ತಿದ್ದರು. ಮರುದಿನ ಮತ್ತೆ ಅದೇ ದೋಣಿ, ಅದೇ ಹುಟ್ಟು.

ಆ ಕೂಟದಲ್ಲಿ ಒಬ್ಬ ಅಂಬಿಗನಿದ್ದ. ಅವನ ತಂಗಿ ಬಾಣಂತನಕ್ಕೆಂದು ತವರಿಗೆ ಬರುವಾಗ ನಡುನೀರಿನಲ್ಲಿ ಹೋಗಿಬಿಟ್ಟಳು. ಹೆಣವೂ ಸಿಗಲಿಲ್ಲ. ಅಂದಿನಿಂದ ಅವನ ತಲೆಯಲ್ಲಿ ಒಂದೇ ಯೋಚನೆ. ಈ ದಡದಿಂದ ಆ ದಡಕ್ಕೆ ಹಗ್ಗ ಬಿಗಿದು, ದೋಣಿಯನ್ನು ಅದಕ್ಕೆ ಕೊಂಡಿ ಹಾಕಿ ಎಳೆದುಕೊಂಡು ಹೋದರೆ ಸೆಳವು ಏನು ಮಾಡೀತು? ಒಂದು ದಿನ ಅದನ್ನು ಕೂಟದ ಮುಂದೆ ಹೇಳಿದ. ಯಜಮಾನ ಎಲ್ಲರೆದುರು ಅವನ ಬೆನ್ನು ತಟ್ಟಿದ.

"ಇಂಥವರು ಬೇಕಪ್ಪ ನಮಗೆ. ಮಾಡು. ಕೂಟ ನಿನ್ನ ಬೆನ್ನಿಗಿದೆ."

ಅಂಬಿಗನೂ ಅವನ ಹೆಂಡತಿಯೂ ಇಡೀ ಬೇಸಿಗೆ ಕೂತು ನಾರು ಹೊಸೆದರು. ಅಂಗೈ ಸುಲಿದುಹೋಯಿತು. ಮಳೆ ಬಂದು ಹೊಳೆ ಏರಿದಾಗ ಅವನು ಹಗ್ಗ ಬಿಗಿದ. ಜನರನ್ನು ಹತ್ತಿಸಿಕೊಳ್ಳಲಿಲ್ಲ. ಭತ್ತದ ಮೂಟೆಗಳನ್ನಷ್ಟೇ ಹೇರಿಕೊಂಡು ಒಬ್ಬನೇ ಹೊರಟ. ದೋಣಿ ನಡುಹೊಳೆ ದಾಟಿತು. ಆಚೆ ದಡ ಇನ್ನೇನು ಸಿಕ್ಕಿತು ಎನ್ನುವಾಗ ಹಗ್ಗ ಬಂಡೆಯ ಅಂಚಿಗೆ ಉಜ್ಜಿ ಹರಿಯಿತು. ಮೂಟೆಗಳು ಹೋದವು, ದೋಣಿಯೂ ಹೋಯಿತು. ಅಂಬಿಗ ಈಜಿ ಜೀವ ಉಳಿಸಿಕೊಂಡ.

ಆದರೆ ಅವನ ಮುಖದಲ್ಲಿ ಸೋಲಿರಲಿಲ್ಲ. ಮೈಯಿಂದ ನೀರು ಸುರಿಯುತ್ತಿರುವಾಗಲೇ ಯಜಮಾನನ ಬಳಿಗೆ ಓಡಿದ. "ಹಗ್ಗ ತಾಳುತ್ತದೆ. ಬಂಡೆಗೆ ತಾಗದಂತೆ ಆಚೆ ಒಂದು ಕಂಬ ನೆಟ್ಟರೆ ಆಯಿತು. ಇನ್ನೊಮ್ಮೆ ನೋಡೋಣ" ಎಂದ.

"ಇನ್ನೊಮ್ಮೆಯೇ? ಇದನ್ನೆಲ್ಲ ಮಾಡು ಅಂತ ನಿನಗೆ ಹೇಳಿದವರು ಯಾರು?" ಎಂದ ಯಜಮಾನ.

ಬೆನ್ನು ತಟ್ಟಿದ ದಿನ ಅಲ್ಲಿದ್ದವರೆಲ್ಲ ಈಗಲೂ ಅಲ್ಲೇ ನಿಂತಿದ್ದರು. ಅಂಬಿಗ ಒಬ್ಬೊಬ್ಬರ ಮುಖವನ್ನೂ ನೋಡಿದ. ಒಬ್ಬ ನೆಲ ನೋಡಿದ, ಇನ್ನೊಬ್ಬ ಹೊಳೆ ನೋಡಿದ.

ಅವನ ಕಡವನ್ನು ಕಿತ್ತುಕೊಂಡರು. ಅವನು ಜೊಂಡು ಕೊಯ್ದು ಚಾಪೆ ಹೆಣೆದು ಹೊಟ್ಟೆ ಹೊರೆದ. ಕೂಟದಲ್ಲಿ ಅವನ ಹೆಸರು ಹಾಸ್ಯದ ಮಾತಾಯಿತು. ಯಾವನಾದರೂ ಹೊಸದೊಂದು ಉಪಾಯ ಹೇಳಲು ಬಾಯಿ ತೆರೆದರೆ ಪಕ್ಕದವನು, "ನೀನೂ ಹಗ್ಗ ಕಟ್ಟುತ್ತೀಯೇನೋ?" ಎನ್ನುತ್ತಿದ್ದ. ತೆರೆದ ಬಾಯಿ ಮುಚ್ಚುತ್ತಿತ್ತು.

ಕೆಲವು ವರ್ಷ ಕಳೆದವು. ಹೊಳೆಯಲ್ಲಿ ಜನ ಸಾಯುವ ಸುದ್ದಿ ಆ ನಾಡಿನ ದೊರೆಯನ್ನು ಮುಟ್ಟಿತು. ಕಬ್ಬಿಣದ ಸರಪಳಿಯನ್ನೂ ಬಡಗಿಗಳನ್ನೂ ಕೊಟ್ಟು ಒಂದು ಕಡವನ್ನು ಹೊಸ ರೀತಿಯಲ್ಲಿ ಕಟ್ಟಿಸಬೇಕೆಂದು ಅವನು ನಿಶ್ಚಯಿಸಿದ. ಯಾವ ಕೂಟ ಅದಕ್ಕೆ ತಕ್ಕದ್ದೆಂದು ನೋಡಿ ಬರಲು ಒಬ್ಬ ಅಧಿಕಾರಿಯನ್ನು ಕಳುಹಿಸಿದ.

ಸುದ್ದಿ ತಿಳಿದ ಯಜಮಾನ ಕೂಟದ ಚಾವಡಿಗೆ ಸುಣ್ಣ ಬಳಿಸಿದ. ಏನು ಕೇಳಿದರೆ ಏನು ಹೇಳಬೇಕೆಂದು ಅಂಬಿಗರಿಗೆಲ್ಲ ಕಲಿಸಿದ. ಆಮೇಲೆ ಒಂದು ಶಾಲು ಹಿಡಿದುಕೊಂಡು ಆ ಹಳೆಯ ಅಂಬಿಗನ ಗುಡಿಸಲಿಗೇ ಬಂದ.

"ನಾಳೆ ಇದನ್ನು ಹೊದ್ದು ಮುಂದಿನ ಸಾಲಿನಲ್ಲಿ ಕೂತುಕೋ. 'ಕೂಟ ನನ್ನ ಕೈಬಿಡಲಿಲ್ಲ' ಅಂತ ಒಂದು ಮಾತು ಹೇಳು. ನಿನ್ನ ಕಡವು ನಿನಗೆ."

ಅಂಬಿಗನ ಮೈಯೆಲ್ಲ ಉರಿಯಿತು. ಹೆಂಡತಿಯ ಮುಖ ನೋಡಿದ. ಅವಳು ತಣ್ಣಗಿದ್ದ ಒಲೆಯನ್ನು ನೋಡುತ್ತಿದ್ದಳು. "ಹೋಗಿ ಬಾ" ಎಂದಳು. ಅಲ್ಲಿ ಏನು ಹೇಳಬೇಕೆಂದು ಹೇಳಲಿಲ್ಲ.

ಮರುದಿನ ಚಾವಡಿ ತುಂಬಿತ್ತು. "ಹೊಸದಕ್ಕೆ ಸಿದ್ಧರಿದ್ದೀರಾ?" ಎಂದು ಅಧಿಕಾರಿ ಕೇಳಿದ. "ಸಿದ್ಧ!" ಎಂಬ ಕೂಗಿಗೆ ಮಾಡಿನ ಹಕ್ಕಿಗಳು ಹಾರಿಹೋದವು. ಯಜಮಾನ ಅಂಬಿಗನ ಹೆಗಲ ಮೇಲೆ ಕೈಯಿಟ್ಟು, "ಮೊದಲು ಹಗ್ಗ ಕಟ್ಟಿದವನು ನಮ್ಮ ಇವನೇ. ಅದು ಹರಿದರೂ ಕೂಟ ಇವನ ಬೆನ್ನಿಗೇ ನಿಂತಿತು" ಎಂದು ತೋರಿಸಿದ.

"ಹಗ್ಗ ಹರಿದ ದಿನ ಕೂಟ ಏನು ಮಾಡಿತಪ್ಪ?" ಎಂದು ಅಧಿಕಾರಿ ಕೇಳಿದ.

ಅಂಬಿಗ ಎದ್ದು ನಿಂತ. ಅವನು ಶಾಲನ್ನು ಕಿತ್ತು ಯಜಮಾನನ ಕಾಲ ಬಳಿ ಎಸೆದ.

"ನನ್ನನ್ನೇಕೆ ಕೇಳುತ್ತೀರಿ ಸ್ವಾಮಿ? ನನ್ನದು ಮುಗಿದ ಕತೆ. ಇವರನ್ನು ಕೇಳಿ. ನನ್ನ ಹಗ್ಗ ಹರಿದ ಮೇಲೆ ಈ ಕೂಟದಲ್ಲಿ ಹೊಸದೊಂದನ್ನು ಮಾಡಲು ಹೋಗಿ ಕೆಡಿಸಿದವನು ಇನ್ನೊಬ್ಬನಿದ್ದರೆ ಎದ್ದು ನಿಲ್ಲಲಿ!"

ಯಾರೂ ಏಳಲಿಲ್ಲ.

ಯಜಮಾನನ ಮುಖ ಅರಳಿತು. "ನೋಡಿದಿರಾ ಸ್ವಾಮಿ? ನಮ್ಮಲ್ಲಿ ತಪ್ಪು ಮಾಡುವವರೇ ಇಲ್ಲ" ಎಂದ.

"ಹಾಗಾದರೆ ಹೊಸದನ್ನು ಮಾಡಿ ನೋಡುವವರೂ ಇಲ್ಲ" ಎಂದು ಅಧಿಕಾರಿ ಎದ್ದು ಹೋದ. ಸರಪಳಿ ಬೇರೆ ಊರಿನ ಕೂಟಕ್ಕೆ ಸೇರಿತು. ಅಂಬಿಗನ ಗುಡಿಸಲನ್ನು ಕೂಟದವರು ಕಿತ್ತುಹಾಕಿದರು. ಗಂಡಹೆಂಡಿರು ಪಾತ್ರೆಪಡಗ ತಲೆಯ ಮೇಲೆ ಹೊತ್ತು ಊರು ಬಿಟ್ಟರು.

ಆ ಮಳೆಗಾಲದಲ್ಲಿ ಮದುವೆಯ ದಿಬ್ಬಣ ಹೊತ್ತ ದೋಣಿಯೊಂದು ಅದೇ ಬಂಡೆಗೆ ಬಡಿಯಿತು. ಮದುಮಗಳೂ ಉಳಿಯಲಿಲ್ಲ. ಹೆಣಗಳ ಮುಂದೆ ನಿಂತು ಯಜಮಾನ, "ಗಂಗಮ್ಮನ ಮುನಿಸು, ಯಾರೇನು ಮಾಡಲಾದೀತು?" ಎಂದನಂತೆ. ದೂರದೂರಿನಲ್ಲಿದ್ದ ಅಂಬಿಗನ ಕಿವಿಗೆ ಆ ಮಾತು ಬಿತ್ತು. ಅವರಿಗೆ ಆಗಬೇಕಾದ್ದು ಆಯಿತು ಎಂದು ಅವನು ಹಿಗ್ಗಲಿಲ್ಲ. ಹೆಣೆಯುತ್ತಿದ್ದ ಚಾಪೆಯನ್ನು ಹರಿದು ಬಿಸಾಡಿ ಬೀದಿಗೆ ಬಂದು ನಿಂತು ಕೂಗಿದ. "ಆ ತಾಯಿಯ ಮೇಲೆ ಯಾಕೆ ಹಾಕುತ್ತೀರೋ, ಪಾಪಿಗಳಾ! ಒಂದು ಕಂಬ ನೆಟ್ಟಿದ್ದರೆ ಸಾಕಿತ್ತಲ್ಲೋ! ಒಂದು ಕಂಬ!"

ಬೀದಿಯ ಜನ ಅವನಿಗೆ ಹುಚ್ಚು ಎಂದುಕೊಂಡರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಸಿಟ್ಟಿನಿಂದ ಅವರ ಧ್ವನಿ ಒಡೆದಿತ್ತು. ಮೃಡಯ್ಯ, "ಹಾಗಾದರೆ ನೇಯ್ಗೆಮನೆಯಲ್ಲಿ ನಾನು ಯಾರನ್ನು ಕೇಳಬೇಕಿತ್ತು, ಗುರುಗಳೇ?" ಎಂದ.

"ಹೊಸ ಬಣ್ಣ ಹಾಕಲು ಹೋಗಿ ನೂಲು ಕೆಡಿಸಿದಳೆಂದು ನೀನು ಹೊರಗೆ ಹಾಕಿದೆಯಲ್ಲ, ಆ ಹೆಣ್ಣುಮಗಳು ಈಗ ಎಲ್ಲಿದ್ದಾಳೆ?"