ನೆಕ್ಕುಗಟ್ಟೆಯ ಗೋಡೆ

ಕರೇಗುಂಡನಹಳ್ಳಿಯ ಕೆರೆಯ ಹತ್ತಿರ ಬೇಸಿಗೆಯಲ್ಲಿ ಹೋದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮೇಯಲು ಬಿಟ್ಟ ದನಗಳು ಹುಲ್ಲು ಬಿಟ್ಟು, ತೂಬಿನ ಪಕ್ಕದ ಹಳೆಯ ಗಾರೆಗೋಡೆಯನ್ನು ಸಾಲಾಗಿ ನಿಂತು ನೆಕ್ಕುತ್ತವೆ. ಕೆರೆಗೆ ನೆಕ್ಕುಗಟ್ಟೆ ಎಂಬ ಹೆಸರು ಬಂದದ್ದು ಇದರಿಂದಲೇ. ಗೋಡೆಯಲ್ಲಿ ದೇವಿ ನೆಲೆಸಿದ್ದಾಳೆ, ದನಗಳಿಗೆ ಅದು ಗೊತ್ತು ಎಂದು ಊರಿನ ಹಿರಿಯರು ಹೇಳುತ್ತಾರೆ. ಹೇಳಿದ್ದನ್ನೆಲ್ಲ ನಂಬುವ ಜಾಯಮಾನ ನನ್ನದಲ್ಲ. ದೇವಿಯ ಹೆಸರು ಹೇಳಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಮೊದಲಿಂದಲೂ ಗುಮಾನಿ. ಅವರ ಮನೆಯ ಹೆಂಗಸರನ್ನು ಕೇಳಿದಾಗ ಬೇರೆಯದೇ ಕಥೆ ಹೊರಬಿತ್ತು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಗೋಡೆ ಕಟ್ಟುವಾಗ ಗಾರೆ ಅರೆಯಲು ಗಾದ್ರಮ್ಮ ಎಂಬ ವಿಧವೆ ಬಂದಳು ಎನ್ನುತ್ತಾರೆ. ಕಂಕುಳಲ್ಲಿ ಒಂದು ಹೆಣ್ಣು ಕೂಸು. ದುಂಡಗಿನ ಕಲ್ಲುದೋಣಿಯಲ್ಲಿ ಸುಣ್ಣ, ಮರಳು ಸುರಿದು, ಬೆಲ್ಲದ ನೀರು ಹೊಯ್ದು, ಎತ್ತು ಎಳೆಯುವ ಕಲ್ಲುಚಕ್ರದ ಹಿಂದೆಯೇ ನಡೆಯುತ್ತ ಅವಳು ಗಾರೆ ಮಗುಚುತ್ತಿದ್ದಳು. ಬೆರಳಲ್ಲಿ ತಿಕ್ಕಿದರೆ ಒಂದು ಹರಳೂ ಸಿಗಬಾರದು, ಅಲ್ಲಿಯವರೆಗೆ ಎತ್ತು ನಿಲ್ಲಿಸುತ್ತಿರಲಿಲ್ಲ. ಬೆಲ್ಲ ಊರಿನ ಮನೆಮನೆಯಿಂದ ಎತ್ತಿದ್ದು. ಕೊಟ್ಟ ದಿನದಿಂದಲೇ ಎಲ್ಲರಿಗೂ ಹೊಟ್ಟೆಯುರಿ. ಅಷ್ಟರಲ್ಲಿ ಅವಳ ಗುಡಿಸಲಿನ ಹೊಸ್ತಿಲಲ್ಲಿ ಇರುವೆಸಾಲು ಕಂಡಿತು. ದಿನವಿಡೀ ಬೆಲ್ಲದ ನೀರಲ್ಲಿ ಕೈಯಾಡಿಸುವವಳ ಸೆರಗಿಗೆ ಇರುವೆ ಮುತ್ತದೆ ಇನ್ನೇನು? ಆದರೆ ಬೆಲ್ಲ ಕದಿಯುತ್ತಾಳೆ ಎನ್ನಲು ಊರಿಗೆ ಅಷ್ಟು ಸಾಕಾಯಿತು.

ಊರಗೌಡ ಮರುಳಪ್ಪನಿಗೂ ಅದೇ ಗುಮಾನಿ. ಕದ್ದು ಕುಡಿದವರು ವಾಂತಿ ಮಾಡಿಕೊಂಡು ಸಿಕ್ಕಿಬೀಳಲಿ ಎಂದು, ಯಾರಿಗೂ ತಿಳಿಯದಂತೆ ಬೆಲ್ಲದ ನೀರಿನ ಬಾನಿಗೆ ದಿನಾ ಉಪ್ಪು ಸುರಿಯತೊಡಗಿದ. ಯಾರೂ ಸಿಕ್ಕಿಬೀಳಲಿಲ್ಲ. ಬದಲಿಗೆ ಗಾದ್ರಮ್ಮನೇ ಅವನ ಮುಂದೆ ಬಂದು ನಿಂತಳು.

“ಗೌಡ್ರೇ, ಗಾರೆ ಮೊದಲಿನಂಗೆ ಹಿಡೀತಿಲ್ಲ. ಬೆಲ್ಲದ ನೀರಲ್ಲಿ ಏನೋ ಸೇರೈತೆ. ಒಂದು ಹನಿ ನಾಲಿಗೆಗೆ ಇಕ್ಕಿ ನೋಡ್ಲಾ?”

“ಇಕ್ಕು ತಾಯಿ. ನೀನು ಇಕ್ಕೋದನ್ನ ಊರೂ ನೋಡ್ಲಿ,” ಎಂದು ಗೌಡ ನಕ್ಕ.

ಸುತ್ತ ನಿಂತವರ ಮುಖ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ರುಚಿ ನೋಡಿದರೆ ಕಳ್ಳಿ, ನೋಡದಿದ್ದರೆ ಗೋಡೆ ಕೆಡುತ್ತದೆ. ಕಳ್ಳಿ ಎನಿಸಿಕೊಂಡು ಕೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ರುಚಿ ನೋಡದೆಯೇ ಹೋಗಿ ಎತ್ತು ಹೊಡೆದಳು.

ಮಳೆಗೆ ಕೆರೆ ತುಂಬಿತು. ಗಾರೆ ಹಕ್ಕಳೆಯೆದ್ದು ಉದುರಿ, ನೀರೆಲ್ಲ ಸೋರಿಹೋಯಿತು. ಬೆಲ್ಲ ತಿಂದು ಗೋಡೆ ಕೆಡಿಸಿದಳೆಂದು ಅವಳನ್ನು ಕೂಸಿನ ಸಮೇತ ಊರಾಚೆ ಅಟ್ಟಿದರು. ಹೋಗುವಾಗ ಶಾಪ ಹಾಕಿದಳು ಎನ್ನುತ್ತಾರೆ. ನನಗೆ ಅದರಲ್ಲೂ ನಂಬಿಕೆಯಿಲ್ಲ. ಶಾಪ ಎಂದುಬಿಟ್ಟರೆ ಇವರ ತಪ್ಪು ಹಗುರಾಗುತ್ತದಲ್ಲ. ಬೇಸಿಗೆ ಬಂದಾಗ ಗೋಡೆಯ ಮೈಮೇಲೆ ಬೆಳ್ಳಗೆ ಏನೋ ಉಕ್ಕಿತು. ಮೊದಲು ಗೌಡನ ಹಸುವೇ ಹೋಗಿ ನೆಕ್ಕಿತಂತೆ. ಆಮೇಲೆ ಜನ ಒಬ್ಬೊಬ್ಬರಾಗಿ ಬೆರಳೊತ್ತಿ ಬಾಯಿಗಿಟ್ಟುಕೊಂಡು, ಉಪ್ಪು ತಿಳಿದು, ಅಂದು ಅವಳ ಮಾತಿಗೆ ನಕ್ಕಿದ್ದ ಗೌಡನ ಕಡೆ ತಿರುಗಿದರು. ಬಾನಿಗೆ ಉಪ್ಪು ಸುರಿದದ್ದು ತಾನೇ ಎಂದು ಅವನು ಒಪ್ಪಿಕೊಂಡ. ಗಾದ್ರಮ್ಮನನ್ನು ಊರೂರು ಹುಡುಕಿದರು. ಅವಳು ಸಿಗಲಿಲ್ಲ.

ಉಪ್ಪು ಬೀಳುವ ಮೊದಲು ಅವಳು ಅರೆದ ಗಾರೆ ತೂಬಿನ ಬುಡದಲ್ಲಿ ಇವತ್ತಿಗೂ ನುಣ್ಣಗೆ ಹೊಳೆಯುತ್ತದೆ. ಅದಕ್ಕೆ ದನಗಳು ಮೂತಿ ಹಚ್ಚುವುದಿಲ್ಲ. ವರ್ಷಕ್ಕೊಮ್ಮೆ ಊರಿನವರು ಅದರ ಮುಂದೆ ಬೆಲ್ಲದ ಅಚ್ಚು ಇಟ್ಟು, ತಪ್ಪಾಯಿತು ತಾಯಿ ಎಂದು ಕೈಮುಗಿಯುತ್ತಾರೆ. ಹೋದ ವರ್ಷ ನಾನೂ ನೋಡಲು ಹೋಗಿದ್ದೆ. ಕೈಮುಗಿದ ಮೇಲೂ ಯಾರೂ ಮನೆಗೆ ಹೊರಡಲಿಲ್ಲ. ಯಾಕೆ ನಿಂತಿದ್ದೀರಿ ಎಂದು ಕೇಳಿದೆ. ಏರಿಯ ಕೆಳಗೆ ಜಲ್ಲಿ ಒಡೆಯಲು ಬಂದಿದ್ದ ಪರವೂರಿನ ಹೆಂಗಸರ ಕಡೆ ಕಣ್ಣು ಹಾಯಿಸಿ ಒಬ್ಬರು ಮೆಲ್ಲಗೆ ಹೇಳಿದರು: “ಬೆಲ್ಲ ಐತಲ್ಲ, ಸ್ವಾಮಿ.”